ಮಿಸ್ ಕಾಲ್ ನೀರಾವರಿ

ದಾಸನಕೊಪ್ಪದ ಕಲ್ಲಯ್ಯನ ಚಹಾದಂಗಡಿಯಲ್ಲಿ ಒಲೆಗೆ ಹತ್ತಿರದ ಬೆಂಚು ಶಂಭುಲಿಂಗನದು. ಹಾಗಂತ ಯಾರೂ ಬರೆದುಕೊಟ್ಟಿಲ್ಲ. ಆದರೆ ಬೇರೆ ಯಾರಾದರೂ ಅಲ್ಲಿ ಕೂತರೆ ಅವರ ಕೈಯಿಂದ ಫೋನು ಇಸಿದುಕೊಂಡು, ಅದರೊಳಗಿನ ಹುಳುಕನ್ನೆಲ್ಲ ಊರಿಗೆ ಕೇಳುವಂತೆ ಹೇಳಿ, ಎಬ್ಬಿಸಿ ಕಳಿಸುವವರೆಗೆ ಅವನಿಗೆ ಸಮಾಧಾನವಿಲ್ಲ.

"ಏನಪಾ ಇದು, ಗುಡ್ ಮಾರ್ನಿಂಗ್ ಚಿತ್ರ ಈ ನಮೂನಿ ತುಂಬಿಟ್ಟೀಯಲ್ಲ! ತಿಪ್ಪಿ ಆಗೈತಿ ನಿನ್ನ ಫೋನು. ವಾಟ್ಸಾಪಿನ್ಯಾಗ ಚಿತ್ರ ತಾವ ಇಳಿಯೂದನ್ನ ಬಂದ್ ಮಾಡು, ಅರ್ಧಾ ನೆಟ್ ಅಲ್ಲೇ ಉಳೀತೈತಿ. ಇಷ್ಟೂ ತಿಳೀದಿದ್ರ ಫೋನ್ ಯಾಕ ಇಟ್ಕೊಂಡಿ? ಕುಡುಗೋಲ ಇಟ್ಕೋ ಹೋಗು. ಮಂಗ್ಯಾನ ಕೈಯಾಗ ಮಾಣಿಕ್ಯ ಕೊಟ್ಟಂಗಾತು."

ಇಂಥವರು ಊರಿಗೊಬ್ಬರು ಇದ್ದೇ ಇರುತ್ತಾರೆ. ಕೈಕೆಸರು ಮಾಡಿಕೊಳ್ಳದೆ, ಕೆಸರು ಮೆತ್ತಿಕೊಂಡವರಿಗೆಲ್ಲ ಕೈತೊಳೆಯುವುದು ಹೇಗೆ ಅಂತ ಪಾಠ ಹೇಳುವವರು. ಶಂಭುಲಿಂಗ ಆ ಜಾತಿಯಲ್ಲೇ ಹಿರಿಯ.

ಅವನು ಹತ್ತು ಮಾತು ಹೇಳಿದರೆ ನಾಲ್ಕು ಖರೇನೇ ಇರುತ್ತಿದ್ದವು. ಊರಿಗೆ ತಗಲಿದ ಪೀಡೆಯೇ ಅದು. ಪೂರ್ತಿ ಸುಳ್ಳು ಹೇಳುವವನನ್ನು ಜನ ಎರಡು ದಿನದಲ್ಲಿ ಓಡಿಸುತ್ತಾರೆ. ನೆಟ್‌ವರ್ಕ್ ಕೈಕೊಟ್ಟಾಗ ವಿಮಾನದ ಗುರುತನ್ನು ಒತ್ತಿ, ತುಸು ತಡೆದು ತೆಗೆದರೆ ಮತ್ತೆ ಹತ್ತುತ್ತದೆ ಅಂದ, ಹತ್ತಿತು. ಪರದೆಯ ಬೆಳಕು ತಗ್ಗಿಸಿದರೆ ಬ್ಯಾಟರಿ ಸಂಜೆವರೆಗೆ ಬರುತ್ತದೆ ಅಂದ, ಬಂತು. ಬಾಯಲ್ಲಿ ಕನ್ನಡ ಆಡಿದರೆ ಫೋನೇ ಬರೆದುಕೊಳ್ಳುತ್ತದೆ ಅಂತ ತೋರಿಸಿದಾಗಂತೂ ಕಲ್ಲಯ್ಯ ಮೂಗಿನ ಮೇಲೆ ಬೆರಳಿಟ್ಟ. ಆದರೆ ಅದೇ ನಾಲಿಗೆಯಿಂದ, ಫೋನನ್ನು ತಾಮ್ರದ ತಂಬಿಗೆಯಲ್ಲಿ ಇಟ್ಟರೆ ನೆಟ್ ಜಗ್ಗುತ್ತದೆ ಅಂತಲೂ ಹೇಳಿದ. ಕಿವಿಗೆ ಹಚ್ಚಿ ಮಾತಾಡಿದರೆ ಮಿದುಳು ಕುದಿಯುತ್ತದೆ, ಯಾವಾಗಲೂ ಸ್ಪೀಕರ್ ಹಾಕಬೇಕು ಅಂತಲೂ ಹೇಳಿದ. ತಂಬಿಗೆಗೆ ಇಳಿದ ಫೋನು ಇದ್ದೊಂದು ಕಡ್ಡಿಯನ್ನೂ ಕಳೆದುಕೊಂಡಾಗ, "ನಿಮ್ಮ ತಂಬಿಗಿ ಬರೋಬ್ಬರಿ ಇಲ್ಲ" ಅಂದುಬಿಟ್ಟ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಇವನು ತಂಬಿಗೆಯನ್ನೇ ಡೊಂಕು ಮಾಡಿದ.

ಈ ಸೊಕ್ಕು ಇವತ್ತು ನಿನ್ನೆಯದಲ್ಲ. ಮೊಬೈಲು ಬರುವ ಮೊದಲು ಬನವಾಸಿ ರಸ್ತೆಗೆ ಮುಖಮಾಡಿ ಹಳದಿ ಬೋರ್ಡಿನ ಎಸ್‌ಟಿಡಿ ಬೂತು ಇಟ್ಟಿದ್ದವನು ಇವನೇ. ಸುತ್ತಲಿನ ಹಳ್ಳಿಗಳ ಹೆರಿಗೆ, ಸಾವು, ಲಗ್ನ, ಜಗಳ ಎಲ್ಲವೂ ಇವನ ಗಾಜಿನ ಡಬ್ಬಿಯೊಳಗಿಂದಲೇ ಹೊರಬೀಳಬೇಕಾಗಿತ್ತು. ಜನ ಸಾಲಾಗಿ ನಿಲ್ಲುತ್ತಿದ್ದರು, ಇವನು ಕುರ್ಚಿಯಲ್ಲಿ ಕಾಲಮೇಲೆ ಕಾಲು ಹಾಕಿ ಕೂರುತ್ತಿದ್ದ. "ಒದರಬ್ಯಾಡ್ರಿ, ಈ ದನೀಲೆ ಒದರಿದ್ರ ಹುಬ್ಬಳ್ಳಿಗೆ ಹಂಗ ಕೇಳಸ್ತೈತಿ, ಫೋನ್ ಯಾಕ?" ಅನ್ನುತ್ತಿದ್ದ. ಒಮ್ಮೆ ಒಬ್ಬಳು ತಂದೆ ಹೋದ ಸುದ್ದಿ ಕೇಳಿ ರಿಸೀವರು ಹಿಡಿದೇ ಅಳುತ್ತ ನಿಂತಾಗ, ಮೀಟರಿನ ಕಡೆ ಬೆರಳು ತೋರಿಸಿ, "ಅಳೂದಿದ್ರ ಇಟ್ಟು ಅಳವ್ವಾ" ಅಂದಿದ್ದ. ಥೂ, ಅದೇನು ಬಾಯೋ! ಆಮೇಲೆ ಎಲ್ಲರ ಕಿಸೆಗೂ ಫೋನು ಬಂತು, ಬೂತಿನೊಳಗೆ ಕೋಳಿ ಕಾವಿಗೆ ಕೂತವು. ಕೆಲಸ ಹೋಯಿತು, ಗತ್ತು ಹೋಗಲಿಲ್ಲ. ಅದನ್ನೇ ಎತ್ತಿಕೊಂಡು ಬಂದು ಕಲ್ಲಯ್ಯನ ಬೆಂಚಿನ ಮೇಲೆ ಇಟ್ಟ.

ಮದುವೆ ಆಗಲಿಲ್ಲ. ಬಂದ ಹೆಣ್ಣಿನ ಕಡೆಯವರಿಗೆಲ್ಲ ಒಂದೊಂದು ಹೆಸರಿಟ್ಟು ಕಳಿಸಿದ. ಅಣ್ಣ ತೀರಿಹೋದ ಮೇಲೆ ಅದೇ ಮನೆಯಲ್ಲಿ ಅತ್ತಿಗೆ ಗುರುಶಾಂತವ್ವನ ಕೈಯ ರೊಟ್ಟಿ ತಿಂದುಕೊಂಡು ಉಳಿದ. ಐವತ್ತು ದಾಟಿತು. ಆಕೆ ಒಂದು ದಿನವೂ ಹಂಗಿನ ಮಾತು ಆಡಲಿಲ್ಲ. ಹಾಗೆಯೇ ಒಂದು ದಿನವೂ ಯಾವ ಕೆಲಸವನ್ನೂ ಅವನ ಕೈಗೆ ಕೊಡಲಿಲ್ಲ. ಅದು ಕರುಣೆಯಲ್ಲ, ಬುದ್ಧಿ ಅಂತ ಊರವರಿಗೆ ಗೊತ್ತಿತ್ತು. ಶಂಭುಲಿಂಗನಿಗೂ ಒಳಗೊಳಗೆ ಗೊತ್ತಿತ್ತು. ಅದು ಅವನಿಗೆ ಹಲ್ಲಿನಲ್ಲಿ ಸಿಕ್ಕ ನಾರಿನಂತೆ ಕಾಡುತ್ತಿತ್ತು.

ಗುರುಶಾಂತವ್ವನ ಕಸುಬು ಸಸಿ. ಚಳಿಗಾಲದಲ್ಲಿ ಮೆಣಸಿನಕಾಯಿ, ಬದನೆ ಸಸಿಯ ಮಡಿ ಮಾಡಿ, ಬೆರಳುದ್ದ ಆದ ಮೇಲೆ ಒದ್ದೆ ಗೋಣಿಯಲ್ಲಿ ಸುತ್ತಿ ಶಿರಸಿಯ ಮಂಗಳವಾರದ ಸಂತೆಗೆ ಒಯ್ಯುತ್ತಿದ್ದಳು. ಸಿದ್ದಾಪುರ ಕಡೆಯಿಂದ, ಯಲ್ಲಾಪುರ ಕಡೆಯಿಂದ ಬಂದು ಒಯ್ಯುವ ಕಾಯಂ ಗಿರಾಕಿಗಳಿದ್ದರು. ಇಂಥ ಮಂಗಳವಾರ ಬನ್ನಿ ಅಂತ ಆಕೆ ಮೊದಲೇ ಹೇಳಿಟ್ಟರೆ, ಅವರು ಆ ಮಾತನ್ನೇ ನಂಬಿ ನೆಲ ಹದಮಾಡಿ, ಗೊಬ್ಬರ ಹಾಕಿ, ಗುಣಿ ತೋಡಿ ಕಾಯುತ್ತಿದ್ದರು. ಆಕೆಯ ಮಾತು ಒಂದು ವರ್ಷವೂ ತಪ್ಪಿರಲಿಲ್ಲ. ಗಂಡ ತೀರಿಹೋದ ವರ್ಷವೂ ತಪ್ಪಿರಲಿಲ್ಲ.

ಈ ಸಲ ಮಡಿಯ ಮೇಲೆ ಎಳೆ ಹಸಿರು ಮೂಡಿದ ಹೊತ್ತಿಗೇ ಹಾನಗಲ್ಲಿನಿಂದ ಕರೆ ಬಂತು. ಮಗಳು ಗೀತಾಳಿಗೆ ಎರಡನೆಯ ಹೆರಿಗೆ, ಅವಳ ಅತ್ತೆ ಕಾಲು ಮುರಿದುಕೊಂಡು ಮಲಗಿದ್ದಾಳೆ, ತಾಯಿ ಹೋಗಲೇಬೇಕು. ಗುರುಶಾಂತವ್ವ ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈ ಗಲ್ಲಕ್ಕೆ ಹಚ್ಚಿಕೊಂಡು ಕೂತಳು. ಎಳೆ ಸಸಿಗೆ ಬೆಳಿಗ್ಗೆ ಸಂಜೆ ನೀರು ಬೀಳಬೇಕು. ಪಕ್ಕದ ಹೊಲದ ನಾಗಪ್ಪ ತಾನಾಗಿ ಬಂದು, "ನಾ ಮೋಟಾರಿನ ಗುಂಡಿ ಒತ್ತಿ ನೀರ ಬಿಡ್ತೀನಿ ತಗೋ ಅಕ್ಕಾ, ಹೋಗಿ ಬಾ" ಅಂದ.

ಶಂಭುಲಿಂಗ ಬಿಡುತ್ತಾನೆಯೇ? "ವೈನಿ, ನಾ ಇರೂವಾಗ ನಾಗಪ್ಪ ಯಾಕ? ಅಂವಗ ಫೋನಿನ ಮುಂದ್ಯಾವದು, ಹಿಂದ್ಯಾವದು ತಿಳೀದಿಲ್ಲ. ಮೋಟಾರಿಗೆ ಮೊಬೈಲ್ ಸ್ಟಾರ್ಟರ್ ಹಾಕ್ಸಿಕೊಟ್ಟಾಂವ ಯಾರು? ನಾನು. ಇಲ್ಲಿಂದ ಮಿಸ್ ಕಾಲ್ ಹೊಡದ್ರ ಅಲ್ಲಿ ನೀರ ಹಾರತಾವ. ನೀವು ನಿಶ್ಚಿಂತಿಲೆ ಹೋಗಿ ಬರ್ರಿ."

ಆಕೆ ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ನಂತರ, "ನಿನ್ನ ಮ್ಯಾಲೆ ಹಾಕಿ ಹೊಂಟೀನಿ ಶಂಭು. ಮಂದಿಗೆ ಮಾತ ಕೊಟ್ಟೀನಿ" ಅಂದು ಬಸ್ಸು ಹತ್ತಿದಳು. ಯಾರೋ ತನ್ನನ್ನು ನಂಬಿ ಒಂದು ಕೆಲಸ ಬಿಟ್ಟು ಹೋದದ್ದು ಶಂಭುಲಿಂಗನ ಜೀವಮಾನದಲ್ಲಿ ಅದೇ ಮೊದಲು. ಅವನಿಗೆ ನಿಜಕ್ಕೂ ಎದೆ ತುಂಬಿ ಬಂತು. ಎದೆ ತುಂಬಿದವನು ಏನು ಮಾಡಬೇಕು? ಹೊಲಕ್ಕೆ ಹೋಗಬೇಕು. ಇವನು ಪಂಪಿನ ಶೆಡ್ಡಿಗೆ ಬೀಗ ಜಡಿದು, ಕೀಲಿಯನ್ನು ಕಿಸೆಯಲ್ಲಿ ಹಾಕಿಕೊಂಡು ಚಹಾದಂಗಡಿಗೆ ಹೋದ. ನಾಗಪ್ಪನಂಥ ಹೆಡ್ಡರು ಗುಂಡಿ ಮುಟ್ಟಿ ಕೆಡಿಸಬಾರದಲ್ಲ!

ಈ ಸ್ಟಾರ್ಟರ್ ಡಬ್ಬಿಯ ಕತೆ ಇಷ್ಟೇ. ಮೋಟಾರಿನ ಪಕ್ಕದ ಆ ಡಬ್ಬಿಯೊಳಗೆ ಒಂದು ಸಿಮ್ ಇರುತ್ತದೆ. ಆ ನಂಬರಿಗೆ ಮಿಸ್ ಕಾಲ್ ಕೊಟ್ಟರೆ ಮೋಟಾರು ಶುರುವಾಗುತ್ತದೆ, ಹೊತ್ತು ಮುಗಿದ ಮೇಲೆ ತಾನಾಗಿ ನಿಲ್ಲುತ್ತದೆ, ಶುರುವಾಯಿತು ಅಂತ ಒಡೆಯನಿಗೆ ಒಂದು ಮೆಸೇಜು ಕಳಿಸುತ್ತದೆ. ಒಳ್ಳೆಯ ಯಂತ್ರ, ಸುತ್ತಲಿನ ರೈತರು ನೆಟ್ಟಗೆ ಬಳಸುತ್ತಾರೆ. ಆದರೆ ಹಾಕಿಸಿದಾಗಲೇ ಶಂಭುಲಿಂಗ ತನ್ನ ತಲೆ ಓಡಿಸಿದ್ದ. "ಮೋಟಾರಿನ ಸಿಮ್ಮಿಗೆ ರಿಚಾರ್ಜ್ ಯಾಕ ಬೇಕು? ಮೋಟಾರಿಗೇನು ಬೀಗರ ಜೋಡಿ ಮಾತಾಡೂದೈತೇನು? ಬರೇ ಕೇಳಿಸ್ಕೊಂಡ್ರ ಸಾಕು. ಬರೂ ಫೋನಿಗೆ ರೊಕ್ಕ ಇಲ್ಲ. ರಿಚಾರ್ಜ್ ಮಾಡ್ಸಾವ್ರೆಲ್ಲ ಕಂಪನಿ ಹೊಟ್ಟಿ ತುಂಬಸೂ ಗುಗ್ಗುಗಳು!" ಅಂತ ಬೆಂಚಿನ ಮೇಲಿಂದ ಸಾರಿದ್ದ. ಅವನ ಬೂತಿನ ಕಾಲದಲ್ಲಿ ಅದು ಸರಿ ಇದ್ದಿರಬಹುದು. ಈಗ ರಿಚಾರ್ಜ್ ನಿಲ್ಲಿಸಿದ ಸಿಮ್ಮು ಕೆಲವು ದಿನ ಉಸಿರಾಡಿ ಸಾಯುತ್ತದೆ, ಸತ್ತ ನಂಬರನ್ನು ಕಂಪನಿಯವರು ಇನ್ನೊಬ್ಬರಿಗೆ ಕೊಡುತ್ತಾರೆ. ಹೋದ ಬೇಸಿಗೆಯಲ್ಲಿ ಮಿಸ್ ಕಾಲಿಗೆ ಮೋಟಾರು ಓಡಿತ್ತು ನಿಜ. ಆಮೇಲೆ ಮಳೆ ಹಿಡಿಯಿತು. ಮಳೆಗಾಲದಲ್ಲಿ ಇಲ್ಲಿ ಮೋಟಾರು ಯಾರಿಗೆ ಬೇಕು? ಮಳೆ ಹಿಂದಾದ ಮೇಲೆ ಗುರುಶಾಂತವ್ವ ದಿನಾ ನಡೆದುಹೋಗಿ ಕೈಯಿಂದಲೇ ಗುಂಡಿ ಒತ್ತುತ್ತಿದ್ದಳು. ಡಬ್ಬಿಯ ಕಡೆ ಯಾರೂ ಕಣ್ಣೆತ್ತಿ ನೋಡಿರಲಿಲ್ಲ.

ಮರುದಿನ ಬೆಳಿಗ್ಗೆಯಿಂದ ಕಲ್ಲಯ್ಯನ ಅಂಗಡಿಯಲ್ಲಿ ಪೂಜೆ ಶುರುವಾಯಿತು. ಶಂಭುಲಿಂಗ ಫೋನನ್ನು ಅಂಗೈ ಮೇಲೆ ಇಟ್ಟುಕೊಂಡು ನಂಬರು ಒತ್ತುವನು, ಸ್ಪೀಕರಿನಲ್ಲಿ ಎರಡು ರಿಂಗು ಕೇಳಿಸುವನು, ಟಕ್ಕನೆ ಕಟ್ ಮಾಡುವನು. "ಹಾರಿದ್ವು ನೋಡ್ರಿ ನೀರು! ಕೂತಲ್ಲೇ ಕೂತು ಹೊಲಾ ತೊಯ್ಸಾಂವ ಶಂಭುಲಿಂಗ." ಮತ್ತೆ ಸಂಜೆ ಅದೇ ಮಂಗಳಾರತಿ. ಉತ್ತರನ ಪೌರುಷ ಒಲೆಯ ಮುಂದೆ ಅಂತಾರಲ್ಲ, ಇದು ಚಹಾದ ಒಲೆ.

"ಮೆಸೇಜ್ ಬರತೈತಿ ಅಂದಿದ್ದೆಲ್ಲ, ಬಂತೇನು?" ಅಂತ ಕಲ್ಲಯ್ಯ ಒಮ್ಮೆ ಕೇಳಿದ.

"ರಿಚಾರ್ಜ್ ಇಲ್ದ ಮೆಸೇಜ್ ಹ್ಯಾಂಗ ಬರತೈತಿ? ನೀ ಚಹಾ ಸೋಸು."

ಕೆಲವು ದಿನ ಕಳೆದ ಮೇಲೆ ನಾಗಪ್ಪ ಬಂದ. ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ ಬೆಂಚಿನ ಮುಂದೆ ನಿಂತು, "ಶಂಭಣ್ಣಾ, ಮಡಿ ಒಣಗಾಕತ್ತೈತಿ. ನೀರ ಬಿದ್ದಂಗ ಕಾಣಂಗಿಲ್ಲ. ಕೀಲಿ ಕೊಡು, ನಾ ಬಿಡ್ತೀನಿ" ಅಂದ.

"ನೀ ಹೋದಾಗ ಬಂದ್ ಆಗಿರ್ತೈತಿ. ಅದಕ್ಕ ಟೈಮ್ ಇಟ್ಟೈತಿ."

"ನೆಲಾ ಬಿರಕ ಬಿಟ್ಟೈತೋ ಮಾರಾಯಾ. ಒಮ್ಮೆ ಬಂದು ಕಣ್ಣೀಲೆ ನೋಡು."

"ಸಸಿಗೆ ನೀರ ಹೆಚ್ಚಾದ್ರ ಬೇರ ಕೊಳೀತಾವ, ಅದಕ್ಕ ಅಳತಿ ಐತಿ. ಮೊದಲ ಫೋನ್ ಹಿಡಿಯೂದ ಕಲಿ, ಆಮ್ಯಾಲೆ ನನಗ ಹೇಳಾಕ ಬಾ." ಅಂಗಡಿಯಲ್ಲಿ ಇದ್ದವರು ನಕ್ಕರು. ಆ ನಗೆ ಶಂಭುಲಿಂಗನಿಗೆ ಅನ್ನಕ್ಕಿಂತ ಹೆಚ್ಚು. ನಾಗಪ್ಪ ಟವೆಲ್ಲು ಕೊಡವಿ, "ಸಾಯ್ಲಿ ಅತ್ಲಾಗ" ಅಂದು ಹೊರಟುಹೋದ. ಹೋದವನು ದನಕ್ಕೆ ತಂದಿದ್ದ ನೀರಿನಲ್ಲೇ ಒಂದೆರಡು ಕೊಡ ಬದುವಿನ ಮೇಲಿಂದ ಕೈ ಚಾಚಿ ಸುರಿದ. ಕೈ ಮುಟ್ಟಿದಷ್ಟು ಕಡೆ ತೊಯ್ಯಿತು, ಆಚೆಗೆ ತೊಯ್ಯಲಿಲ್ಲ.

ಅದೇ ವಾರ, ಅಂಗಡಿ ತುಂಬಿದ್ದಾಗ, ಶಂಭುಲಿಂಗನ ಫೋನು ಹಾಡಿತು. ಪರದೆಯ ಮೇಲೆ 'ಮೋಟಾರ್' ಅಂತ ಬಂತು. ಅವನು ಎಲ್ಲರಿಗೂ ಎತ್ತಿ ತೋರಿಸಿದ. "ನೋಡ್ರಿ, ಮೋಟಾರೇ ಫೋನ್ ಮಾಡಾಕತ್ತೈತಿ! ಹೊಸಾ ಸಾಫ್ಟ್‌ವೇರ್ ಬಂದಿರಬೇಕು." ಒತ್ತಿ, ಮಿದುಳು ಕುದಿಯಬಾರದಲ್ಲ, ಸ್ಪೀಕರ್ ಹಾಕಿದ.

"ಯಾರು ಮಾರಾಯ್ರೆ ನೀವು?" ಅಂತು ಮೋಟಾರು.

ಹೆಂಗಸಿನ ದನಿ. ಶಂಭುಲಿಂಗ ಪರದೆಯ ಮೇಲಿನ ಹೆಸರನ್ನು ಇನ್ನೊಮ್ಮೆ ನೋಡಿದ.

"ದಿನಾ ಬೆಳಗ್ಗೆ ಒಂದ್ಸಲ, ಸಂಜೆ ಒಂದ್ಸಲ, ಎರಡು ರಿಂಗ್ ಮಾಡಿ ಕಟ್ ಮಾಡ್ತೀರಲ, ಎಂತ ಸೂಚನೆ ಅದು? ಮನೇಲಿ ಅತ್ತೆ ಬೇರೆ ಕೇಳ್ತಾರೆ, ಯಾರದು, ಹೊತ್ತಿಗೆ ಸರಿಯಾಗಿ ಫೋನ್ ಮಾಡುವವನು ಅಂತ. ನಂಗೆ ಊಟ ಗಂಟಲಲ್ಲಿ ಇಳೀತಾ ಇಲ್ಲ. ಮಾನ ಮರ್ಯಾದೆ ಇಲ್ವಾ ನಿಮಗೆ?"

"ಇದು ನಮ್ಮ... ಇದು ನಮ್ಮ ಮೋಟಾರ್ ನಂಬರ್ ರೀ."

"ಎಂತ?"

"ಮೋಟಾರ್ ರೀ. ನೀರಿಂದು. ನೀವ್ಯಾರು?"

"ನಾನು ಯಲ್ಲಾಪುರದ ಶ್ರೀಲಕ್ಷ್ಮಿ! ದೀಪಾವಳಿಗೆ ತಗೊಂಡ ಸಿಮ್ ಇದು." ಆಮೇಲೆ ಫೋನು ತುಸು ದೂರ ಹೋದ ಸದ್ದು. "ಅತ್ತೇ, ಬನ್ನಿ ಇಲ್ಲಿ, ಕೇಳಿ. ಇಂವ ಯನ್ನೇ ಮೋಟಾರು ಹೇಳ್ತಾ ಇದ್ದ!" ಹಿಂದಿನಿಂದ ಮುದುಕಿಯೊಬ್ಬಳು ಬಿದ್ದು ಬಿದ್ದು ನಗುವುದು ಕೇಳಿಸಿತು. ಶ್ರೀಲಕ್ಷ್ಮಿ ಮಾತ್ರ ನಗಲಿಲ್ಲ. "ನೋಡಿ, ನಿಮ್ಮ ಮೋಟಾರಿಗೆ ಕಣ್ಣಿಲ್ಲ, ನಿಮಗೆ ಇದೆಯಲ? ಎದ್ದು ಹೋಗಿ ನೋಡೂಕೆ ಆಗ್ತಿರಲಿಲ್ವಾ ನೀರು ಬಂತಾ ಇಲ್ವಾ ಅಂತ? ಇನ್ನೊಂದ್ಸಲ ರಿಂಗ್ ಬಂದ್ರೆ ಪೊಲೀಸ್ ಸ್ಟೇಷನ್ನಿಗೇ ಹೋಗ್ತೇನೆ."

ಫೋನು ಇಟ್ಟಳು. ಆಮೇಲೆ ಯಾರೋ ಮೂಲೆಯಲ್ಲಿ, "ಹಾರಿದ್ವು ನೋಡ್ರಿ ನೀರು!" ಅಂದರು. ಚಹಾ ಕುಡಿಯುತ್ತಿದ್ದವರ ಮೂಗಿನಿಂದ ಚಹಾ ಬಂತು. ಕಲ್ಲಯ್ಯ ಸೋಸುವ ಬಟ್ಟೆಯನ್ನೇ ಬಾಯಿಗೆ ಒತ್ತಿ ಹಿಡಿದ. ಇಷ್ಟು ವರ್ಷ ಯಾರ ಯಾರನ್ನು ಗುಗ್ಗು, ಹೆಡ್ಡ, ಮಂಗ್ಯಾ ಅಂದಿದ್ದನೋ ಅವರೆಲ್ಲರ ನಗೆ ಒಟ್ಟಿಗೆ ಅವನ ತಲೆ ಮೇಲೆ ಬಿತ್ತು. ಬೀಳಲೇಬೇಕಿತ್ತು, ಬಿಡಿ.

ಶಂಭುಲಿಂಗನಿಗೆ ಆ ನಗೆ ಸರಿಯಾಗಿ ಕೇಳಿಸಲೂ ಇಲ್ಲ. ವೈನಿಯ ಮುಖ ಕಣ್ಣಿಗೆ ಬಂದಿತ್ತು. ಚಪ್ಪಲಿಯನ್ನೂ ಮೆಟ್ಟದೆ ಅಂಗಡಿಯ ಹಿಂದಿನ ಇಳಿಜಾರಿನಲ್ಲಿ ಓಡಿದ. ಶೆಡ್ಡಿನ ಬೀಗ ತೆಗೆದ. ಗುಂಡಿ ಒತ್ತಿದ, ಕರೆಂಟು ಇತ್ತು, ಮೋಟಾರು ಗುಯ್ಯೆಂದು ಶುರುವಾಯಿತು, ಪೈಪಿನ ತೂತುಗಳಿಂದ ನೀರು ಹಾರಿತು. ಆ ನೀರು ಬಿದ್ದದ್ದು ಹೆಣದ ಮೇಲೆ. ಮೆಣಸಿನ ಸಸಿ ಕಂದು ನೂಲಾಗಿತ್ತು, ಬದನೆಯ ಎಲೆ ಮುಟ್ಟಿದರೆ ಪುಡಿ. ಬದುವಿಗೆ ಹೊಂದಿಕೊಂಡು ಒಂದು ಗೇಣಿನಷ್ಟು ಅಗಲ ಮಾತ್ರ ಹಸಿರು ಉಳಿದಿತ್ತು. ಶಂಭುಲಿಂಗ ಆ ಮಣ್ಣಿನಲ್ಲೇ ಕುಕ್ಕರಿಸಿ, ಒಣಗಿದ ಸಸಿಗಳನ್ನು ಬೆರಳಿನಿಂದ ಎತ್ತಿ ಎತ್ತಿ ನಿಲ್ಲಿಸಲು ನೋಡಿದ. ಅವು ನಿಲ್ಲಲಿಲ್ಲ. ಅವನಿಗೆ ಅಳು ಬಂತು. ಪಾಪ ಅನ್ನಲು ನನಗೆ ಮನಸ್ಸಿಲ್ಲ.

ಗೀತಾಳಿಗೆ ಗಂಡುಮಗು ಆಗಿ, ಆಕೆ ಎದ್ದು ಓಡಾಡುವಂತಾದ ಮೇಲೆ ಗುರುಶಾಂತವ್ವ ಬಂದಳು. ಬಸ್ಸಿಳಿದವಳು ಮನೆಗೆ ಹೋಗದೆ ಚೀಲದ ಸಮೇತ ನೆಟ್ಟಗೆ ಮಡಿಗೆ ನಡೆದಳು. ಶಂಭುಲಿಂಗ ಹಿಂದೆ ಹಿಂದೆ ಬಂದ. "ವೈನಿ, ಕಂಪನಿಯವ್ರ ಮೋಸ. ನಂಬರ ಬ್ಯಾರೆಯವರಿಗೆ ಕೊಟ್ಟಾರ. ನಾ ದಿನಾ ಎರಡ ಹೊತ್ತು ತಪ್ಪದ ಮಿಸ್ ಕಾಲ್ ಕೊಟ್ಟೀನಿ, ಬೇಕಾದ್ರ ಫೋನಿನ್ಯಾಗ ನೋಡ್ರಿ, ಎಲ್ಲಾ ಕಾಲ್ ಅದಾವ..." ಆಕೆ ಚಾಚಿದ ಫೋನಿನ ಕಡೆ ನೋಡಲಿಲ್ಲ. ಮಡಿಯ ಉದ್ದಕ್ಕೂ ಒಮ್ಮೆ ನಡೆದು, ಬದುವಿನ ಪಕ್ಕದ ಹಸಿರನ್ನು ಕಂಡು ನಿಂತಳು. ಅಲ್ಲಿಂದ ಆಚೆ ನಾಗಪ್ಪನ ಹೊಲದ ಕಡೆ ನೋಡಿದಳು. ಯಾರೂ ಹೇಳದೆ ಆಕೆಗೆ ತಿಳಿಯಿತು. ಆ ಗೇಣು ಸಸಿಯನ್ನು ಬೇರಿನ ಸಮೇತ ಎತ್ತಿ, ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ನಾಗಪ್ಪನ ಹೆಂಡತಿಯ ಕೈಗೆ ಕೊಟ್ಟು ಬಂದಳು. ರಾತ್ರಿ ಎಂದಿನಂತೆ ರೊಟ್ಟಿ ಬಡಿದಳು, ಅವನ ತಾಟಿಗೂ ಹಾಕಿದಳು.

"ಮಂಗಳವಾರ ನನ್ನ ಜೋಡಿ ಶಿರಸಿಗೆ ಬಾ" ಅಂದಳು. ಅಷ್ಟೇ.

ಸಂತೆಯಲ್ಲಿ ಆಕೆಯ ಜಾಗ ಎಲ್ಲರಿಗೂ ಗೊತ್ತಿದ್ದ ಜಾಗ. ಗುರುಶಾಂತವ್ವ ಖಾಲಿ ಗೋಣಿಚೀಲವನ್ನು ಅಲ್ಲಿ ಹಾಸಿ, ಅದರ ಮೇಲೆ ಶಂಭುಲಿಂಗನನ್ನು ಕೂರಿಸಿದಳು. ತಾನು ಹಿಂದೆ ಗೋಡೆಗೆ ಒರಗಿ ಕೂತು, ಎಲೆಗೆ ಸುಣ್ಣ ಹಚ್ಚತೊಡಗಿದಳು.

"ಕೇಳಿದವರಿಗೆ ನೀನ ಹೇಳು. ಮಾತ ನಂದಿತ್ತು, ತಪ್ಪಿಸಿದಾಂವ ನೀನು."

ಮೊದಲು ಬಂದವನು ಹೆಗ್ಗರಣೆಯ ಕಡೆಯ ರೈತ. ನೆಲವೆಲ್ಲ ಹದಮಾಡಿ ಬಂದಿದ್ದೇನೆ, ಸಸಿ ಎಲ್ಲಿ ಅಂದ. ಶಂಭುಲಿಂಗ ಗಂಟಲು ಸರಿಮಾಡಿಕೊಂಡು, "ಈ ಸಿಮ್ ಕಂಪನಿಯವರು ಇದ್ದಾರಲ್ರೀ..." ಅಂತ ಶುರುಮಾಡಿದ. ರೈತ ಕೇಳಿ, ತಲೆಬುಡ ತಿಳಿಯದೆ, ಗುರುಶಾಂತವ್ವನ ಮುಖ ನೋಡಿದ.

"ಅದಲ್ಲ" ಅಂದಳು ಆಕೆ, ಎಲೆ ಮಡಚುತ್ತ.

ಎರಡನೆಯವರು ಬಂದರು. ರಿಚಾರ್ಜಿನ ಕತೆ ಹೇಳಿದ. "ಅದೂ ಅಲ್ಲ" ಅಂದಳು. ಮತ್ತೊಬ್ಬರು ಬಂದರು. ಬೀಗ, ಡಬ್ಬಿ, ಕರೆಂಟಿನ ಹೊತ್ತು ಎಲ್ಲ ಹೇಳಿದ. ಆಕೆ ಈ ಸಲ ಪಿಚಕ್ಕನೆ ಪಕ್ಕಕ್ಕೆ ಉಗುಳಿದಳು. ಬಿಸಿಲು ಏರಿತು. ಪಕ್ಕದ ಕುಂಬಳಕಾಯಿಯವಳು, ಎದುರಿನ ಬಳೆಯವನು ಎಲ್ಲರೂ ಈ ಖಾಲಿ ಗೋಣಿಯ ವ್ಯಾಪಾರಿಯನ್ನು ನೋಡತೊಡಗಿದರು. ಕೆಲವರು ಬಂದರು, ಬೈದರು, ಹೋದರು. ಒಬ್ಬ, "ಗುರುಶಾಂತವ್ವನ ಮಾತೂ ಇಷ್ಟೇನಾ?" ಅಂದುಬಿಟ್ಟ. ಅದು ಆಕೆಗೆ ಚುಚ್ಚಿತು, ಕಣ್ಣು ಕೆಂಪಾದವು. ಆದರೂ ಏಳಲಿಲ್ಲ.

ಹೊತ್ತು ಇಳಿಯುವಾಗ ತ್ಯಾಗಲಿಯ ಸೀತಾ ಬಂದಳು. ವಯಸ್ಸಾದವಳು, ಬಸ್ಸು ಬದಲಿಸಿ ಬದಲಿಸಿ ಬಂದ ದಣಿವು ಮೈಮೇಲಿತ್ತು, ಸಸಿ ಒಯ್ಯಲು ಒದ್ದೆ ಬಟ್ಟೆಯನ್ನೂ ಬುಟ್ಟಿಯಲ್ಲಿ ಇಟ್ಟುಕೊಂಡು ಬಂದಿದ್ದಳು. "ಸಸಿ ಇಲ್ಯನ? ಎಂತಾತು ತಮಾ?" ಅಂತ ಮೆತ್ತಗೆ ಕೇಳಿದಳು.

ಶಂಭುಲಿಂಗ ಬಾಯಿ ತೆರೆದ. ಕಂಪನಿ, ಸಿಮ್ಮು, ಮಿಸ್ ಕಾಲು ಎಲ್ಲ ನಾಲಿಗೆಯ ತುದಿಗೆ ಬಂದು ನಿಂತವು. ಆ ಒದ್ದೆ ಬಟ್ಟೆಯನ್ನು ನೋಡಿದ ಮೇಲೆ ಒಂದೂ ಹೊರಗೆ ಬರಲಿಲ್ಲ.

"ಒಣಗಿ ಹೋದ್ವು ಅವ್ವಾ. ನಾ ಹೋಗಿ ನೋಡ್ಲಿಲ್ಲ."

"ಗದ್ದೆ ದೂರ ಇತ್ತ?"

"ಇಲ್ಲ." ಅವನು ತಲೆ ತಗ್ಗಿಸಿದ. "ಚಹಾ ಆರೂದ್ರಾಗ ಹೋಗಿ ಬರಬಹುದಿತ್ತು."

ಸೀತಾ ಅವನನ್ನು ನೋಡಿದಳು, ಬೈಯಲಿಲ್ಲ, ಬುಟ್ಟಿ ಎತ್ತಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಗುರುಶಾಂತವ್ವ ಗೋಡೆ ಹಿಡಿದು ಎದ್ದು ನಿಂತು, ಅವನ ಕೆಳಗಿನ ಗೋಣಿಚೀಲದ ತುದಿ ಎಳೆದಳು.

"ಏಳು. ಬಸ್ಸಿಗೆ ಹೊತ್ತಾತು."